ಪಾಮಿರ್ ಹೆದ್ದಾರಿಯಲ್ಲಿ ಸೈಕಲ್: ಕಿಲೋಮೀಟರ್ ಬಿಡಿ, ಎತ್ತರ ನೋಡಿ

ತಜಿಕಿಸ್ತಾನದ ರಾಜಧಾನಿ ದುಶಾನ್‌ಬೆಯಿಂದ ಕಿರ್ಗಿಸ್ತಾನದ ಓಶ್ ನಗರದವರೆಗೆ ಸುಮಾರು 1,200 ಕಿ.ಮೀ. ದಾರಿ. ಕಾಗದದ ಮೇಲೆ ಇದರ ಹೆಸರು ಎಂ41. ಸೈಕಲ್ ಸವಾರರು ಕರೆಯುವುದು ಪಾಮಿರ್ ಹೆದ್ದಾರಿ ಅಂತ. ದಾರಿಯ ನಡುವೆ ಸಿಗುವ ಖೊರೊಗ್ ಪಟ್ಟಣದಿಂದ ಓಶ್‌ವರೆಗಿನ ಭಾಗವನ್ನು ಸೋವಿಯತ್ ಸರ್ಕಾರ 1930ರ ದಶಕದಲ್ಲಿ ಕಟ್ಟಿಸಿತು. ಹೆದ್ದಾರಿ ಎನ್ನುವುದು ಬಹಳ ಕಡೆ ಹೆಸರಿಗಷ್ಟೇ: ಒಂದಿಷ್ಟು ಒಡೆದ ಡಾಂಬರು, ಒಂದಿಷ್ಟು ಜಲ್ಲಿ, ಒಂದಿಷ್ಟು ಬರೀ ಧೂಳು.

ಇಲ್ಲಿಗೆ ಹೊರಡುವವರು ಮೊದಲು ಕೇಳುವ ಪ್ರಶ್ನೆ, ‘ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೆಯಬೇಕು?’ ಆ ಪ್ರಶ್ನೆಯೇ ಬೇಡ. ಈ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ ಎನ್ನುವುದರ ಮೇಲೆ ಯೋಜನೆ ಹಾಕಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಯಾವಾಗ, ಯಾವ ಕಡೆಯಿಂದ

ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಜುಲೈನಲ್ಲಿ ದುಶಾನ್‌ಬೆಯಲ್ಲಿ 40 ಡಿಗ್ರಿ ಬಿಸಿಲು ಇರಬಹುದು. ಅದೇ ಪ್ರವಾಸದಲ್ಲಿ ಕರಾಕುಲ್ ಸರೋವರದ ಹತ್ತಿರ ಬಾಟಲಿಯ ನೀರು ರಾತ್ರಿ ಹೆಪ್ಪುಗಟ್ಟಬಹುದು. ಹಾಗಾಗಿ ತೆಳು ಬಟ್ಟೆಯೂ ಬೇಕು, ದಪ್ಪ ಜಾಕೆಟ್ಟೂ ಬೇಕು.

ದುಶಾನ್‌ಬೆಯಿಂದಲೇ ಶುರು ಮಾಡಿ. ಓಶ್‌ನಿಂದ ಹೊರಟರೆ ಏರು ಬಹಳ ಬೇಗ ಬರುತ್ತದೆ: ಓಶ್ ಇರುವುದು ಸುಮಾರು 1,000 ಮೀಟರ್‌ನಲ್ಲಿ, ಆಮೇಲೆ 3,615 ಮೀಟರ್‌ನ ತಲ್ದಿಕ್ ಪಾಸ್ (ಬೆಟ್ಟ ದಾಟುವ ಕಣಿವೆ ದಾರಿ), ಅದರಾಚೆ ಸಾರಿತಾಶ್ ಹಳ್ಳಿ, ಅಲ್ಲಿಂದ ನೇರ ಎರಡು ದೇಶಗಳ ಗಡಿಯಲ್ಲಿರುವ 4,280 ಮೀಟರ್‌ನ ಕಿಜಿಲ್‌ಆರ್ಟ್ ಪಾಸ್. ಮೈ ಒಗ್ಗುವುದಕ್ಕೆ ಸಮಯವೇ ಸಿಗುವುದಿಲ್ಲ. ದುಶಾನ್‌ಬೆ ಕಡೆಯಿಂದಾದರೆ ಪಂಜ್ ನದಿಯ ಪಕ್ಕದಲ್ಲೇ ನಿಧಾನಕ್ಕೆ ಮೇಲೇರುತ್ತೀರಿ.

ಕಾಗದ ಪತ್ರ

ವೀಸಾ ಬೇರೆ, ಗೋರ್ನೊ ಬದಖ್‌ಶಾನ್ ಪ್ರಾಂತ್ಯದ ಪರವಾನಗಿ ಬೇರೆ. ತಜಿಕಿಸ್ತಾನದ ಪಾಮಿರ್ ಬಹುಪಾಲು ಆ ಪ್ರಾಂತ್ಯದಲ್ಲೇ ಇದೆ. ಪರವಾನಗಿ ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲಿ ವಾಪಸ್ ಕಳಿಸುತ್ತಾರೆ. ಪಾಸ್‌ಪೋರ್ಟ್ ಮತ್ತು ಪರವಾನಗಿಯ ಜೆರಾಕ್ಸ್ ಪ್ರತಿಗಳನ್ನು ಒಂದು ಕಟ್ಟು ಇಟ್ಟುಕೊಳ್ಳಿ. ಪ್ರತಿ ಚೆಕ್‌ಪೋಸ್ಟ್‌ನಲ್ಲೂ ಸಿಪಾಯಿ ನಿಮ್ಮ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾ ಕೂರುವುದಕ್ಕಿಂತ ಒಂದು ಪ್ರತಿ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ.

ಎರಡು ದೇಶಗಳ ನಡುವಿನ ಗಡಿ 2021ರ ಘರ್ಷಣೆಯ ನಂತರ ಮುಚ್ಚಿತ್ತು. 2025ರ ಮಾರ್ಚ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ದಾರಿ ಮತ್ತೆ ತೆರೆಯಿತು. ಆದರೂ ಕಿಜಿಲ್‌ಆರ್ಟ್ ದಾಟಲು ಆ ಸಮಯದಲ್ಲಿ ಏನು ಅನುಮತಿ ಬೇಕು ಅಂತ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ.

ಸೈಕಲ್ ಸಿದ್ಧತೆ

ದುಬಾರಿ ಸೈಕಲ್ ಬೇಕಿಲ್ಲ, ಗಟ್ಟಿ ಸೈಕಲ್ ಬೇಕು. ಸ್ಟೀಲ್ ಫ್ರೇಮ್ ಇದ್ದರೆ ಒಳ್ಳೆಯದು. ಟೈರ್ 2 ಇಂಚು ಅಗಲವಾದರೂ ಇರಲಿ. ಗೇರ್ ವಿಷಯದಲ್ಲಿ ಮಾತ್ರ ರಾಜಿ ಬೇಡ: ಮುಂದಿನ ಚಿಕ್ಕ ಚಕ್ರದ ಹಲ್ಲುಗಳಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲುಗಳು ಜಾಸ್ತಿ ಇರಬೇಕು. ಮುಂದೆ 26, ಹಿಂದೆ 36 ಇದ್ದರೆ ಸಾಮಾನು ಹೇರಿಕೊಂಡೂ ಏರು ಹತ್ತಬಹುದು.

ಪೂರ್ವ ಪಾಮಿರ್‌ನ ಜಲ್ಲಿ ರಸ್ತೆ ಅಡ್ಡಡ್ಡ ಏರಿಳಿತಗಳಿಂದ ತುಂಬಿರುತ್ತದೆ, ಛಾವಣಿಯ ತಗಡಿನ ಶೀಟ್ ಮೇಲೆ ಸೈಕಲ್ ಓಡಿಸಿದ ಹಾಗೆ. ಪಂಕ್ಚರ್‌ಗಿಂತ ಜಾಸ್ತಿ ತೊಂದರೆ ಕೊಡುವುದು ಈ ನಡುಕ. ಕ್ಯಾರಿಯರ್‌ನ ಬೋಲ್ಟು ಸುಮ್ನೆ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಸದ್ದೂ ಬರುವುದಿಲ್ಲ. ಸಂಜೆ ಟೆಂಟ್ ಹಾಕುವ ಮೊದಲು ಕ್ಯಾರಿಯರ್‌ನ ನಾಲ್ಕು ಮೂಲೆಯನ್ನೂ ಅಲೆನ್ ಕೀಯಲ್ಲಿ ಮುಟ್ಟಿ ನೋಡಿ. ಕೀ ಸ್ವಲ್ಪ ತಿರುಗಿತು ಅಂದರೆ ಆ ಬೋಲ್ಟ್ ಬಿಚ್ಚಿ, ಅದರ ತಿರುಪಿಗೆ ಒಂದು ಹನಿ ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ ಮತ್ತೆ ಬಿಗಿ ಮಾಡಿ. ಅದೇ ಅಳತೆಯ ನಾಲ್ಕಾರು ಬೋಲ್ಟು, ಕೇಬಲ್ ಟೈ, ನಿಮ್ಮ ಚಕ್ರಕ್ಕೆ ಹೊಂದುವ ಸ್ಪೋಕ್, ಹಿಂಬದಿ ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗವನ್ನು ಹಿಡಿದಿಡುವ ತುಂಡು), ಚೈನ್ ಲಿಂಕ್, ಬ್ರೇಕ್ ಪ್ಯಾಡ್ ಜೊತೆಗಿರಲಿ. ದಾರಿಯಲ್ಲಿ ಇವು ಸಿಗುತ್ತವೆ ಅಂತ ನಂಬಬೇಡಿ.

ವಿಮಾನಕ್ಕೆ ಪ್ಯಾಕ್ ಮಾಡುವಾಗ ಒಂದು ನೆನಪಿರಲಿ: ಎಡ ಪೆಡಲ್‌ನ ತಿರುಪು ಉಲ್ಟಾ. ಗಡಿಯಾರದ ಮುಳ್ಳು ಓಡುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ.

ಎತ್ತರದ ಲೆಕ್ಕ

ಪರ್ವತ ವೈದ್ಯರು ಹೇಳುವ ನಿಯಮ ಸರಳ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ನಿಲ್ಲಬೇಕು. ಹಗಲಲ್ಲಿ ಇದಕ್ಕಿಂತ ಮೇಲೆ ಹೋಗಿ ಇಳಿದು ಬಂದರೆ ಅಡ್ಡಿಯಿಲ್ಲ.

ಈಗ ದಾರಿಗೆ ಹೊಂದಿಸಿ ನೋಡೋಣ. ಖೊರೊಗ್ ಸುಮಾರು 2,100 ಮೀಟರ್. ಅಲ್ಲಿಂದ ಗುಂಟ್ ಕಣಿವೆಯಲ್ಲಿ 120 ಕಿ.ಮೀ. ಆಚೆ ಜೆಲೊಂಡಿ, ಸುಮಾರು 3,500 ಮೀಟರ್. ಡಾಂಬರು ಇದೆ, ಕಾಲಲ್ಲಿ ಕಸುವೂ ಇದೆ, ಒಂದೂವರೆ ದಿನಕ್ಕೆ ತಲುಪಿಬಿಡೋಣ ಅನಿಸುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಇಲ್ಲಿಗೇ. ಖೊರೊಗ್‌ನಲ್ಲಿ ಒಂದಿಡೀ ದಿನ ವಿಶ್ರಾಂತಿ ತೆಗೆದುಕೊಳ್ಳಿ. ಕಣಿವೆಗೆ ಮೂರು ದಿನ ಕೊಡಿ. ಜೆಲೊಂಡಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ, ಅಲ್ಲಿ ಮತ್ತೊಂದು ದಿನ ನಿಂತು ಮೈ ನೆನೆಸಿ. ಆಮೇಲೆ 4,272 ಮೀಟರ್‌ನ ಕೊಯ್ತೆಜೆಕ್ ಪಾಸ್ ದಾಟಿ ಅಲಿಚುರ್ ಬಯಲಿಗೆ ಇಳಿಯಬಹುದು. ಅದು ಕೂಡ 3,800ಕ್ಕೂ ಮೇಲೆ.

ಮುರ್ಗಾಬ್ ಇರುವುದು ಸುಮಾರು 3,600ರಲ್ಲಿ. ಅಲಿಚುರ್‌ಗಿಂತ ತಗ್ಗು, ಆದ್ದರಿಂದ ಎರಡು ರಾತ್ರಿ ಉಳಿಯಲು ಹೇಳಿ ಮಾಡಿಸಿದ ಜಾಗ. ಅಲ್ಲಿಂದ ಮುಂದೆ ಹೆದ್ದಾರಿಯ ಅತಿ ಎತ್ತರದ ಜಾಗ, 4,655 ಮೀಟರ್‌ನ ಅಕ್‌ಬೈತಾಲ್. ಸಮುದ್ರ ಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಶೇಕಡಾ 60ಕ್ಕಿಂತಲೂ ಕಡಿಮೆ ಅಲ್ಲಿ ಸಿಗುತ್ತದೆ. ಕೊನೆಯ ಕಡಿದಾದ ತುಂಡನ್ನು ಇಳಿದು ತಳ್ಳಿಕೊಂಡು ಹೋದರೆ ಮಾನ ಹೋಗುವುದಿಲ್ಲ. ನೋಡುವವರು ಯಾರಿದ್ದಾರೆ?

ಎತ್ತರ ಮೈಗೆ ಒಗ್ಗದೆ ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಬಂದರೆ ಇದ್ದಲ್ಲೇ ನಿಲ್ಲಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ಅಥವಾ ನೇರ ಗೆರೆಯ ಮೇಲೆ ನಡೆಯಲು ಆಗದೆ ತೂರಾಡಿದರೆ ಕಾಯಬೇಡಿ. ರಾತ್ರಿಯಾದರೂ ಸರಿ, ಸಿಕ್ಕ ಜೀಪು, ಲಾರಿ ಹತ್ತಿ ಕೆಳಗೆ ಇಳಿಯಬೇಕು. ಎತ್ತರಕ್ಕೆ ಮೈ ಒಗ್ಗಲು ನೆರವಾಗುವ ಅಸೆಟಾಜೋಲಮೈಡ್ ಮಾತ್ರೆಯನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಕೇಳಿ ತೆಗೆದುಕೊಳ್ಳಿ. ಮಾತ್ರೆ ಇದೆ ಅಂತ ಬೇಗ ಏರುವುದು ಮಾತ್ರ ಬೇಡ.

ನೀರು, ಊಟ, ರಾತ್ರಿ

ಖೊರೊಗ್‌ನ ಬಜಾರೇ ದೊಡ್ಡದು. ಮುರ್ಗಾಬ್‌ನ ಬಜಾರ್ ಎಂದರೆ ಸಾಲಾಗಿ ನಿಲ್ಲಿಸಿದ ಹಡಗಿನ ಕಂಟೇನರ್‌ಗಳು. ಒಳಗೆ ನೂಡಲ್ಸ್, ಬಿಸ್ಕತ್ತು, ಸಕ್ಕರೆ, ಡಬ್ಬಿ ಮೀನು ಸಿಗುತ್ತವೆ. ತಾಜಾ ತರಕಾರಿಯ ಆಸೆ ಇಟ್ಟುಕೊಳ್ಳಬೇಡಿ. ತಜಿಕಿಸ್ತಾನದ ಹಣ ಸೊಮೊನಿಯನ್ನು ನಗದಾಗಿ ಖೊರೊಗ್‌ನಲ್ಲೇ ಸಾಕಷ್ಟು ತೆಗೆದುಕೊಳ್ಳಿ.

ಹಳ್ಳಿಗಳಲ್ಲಿ ಹೋಮ್‌ಸ್ಟೇ ಇವೆ. ಪಶ್ಚಿಮ ಪಾಮಿರ್‌ನ ಮನೆಗಳಲ್ಲಿ ಐದು ಕಂಬದ ಒಂದೇ ದೊಡ್ಡ ಕೋಣೆ ಇರುತ್ತದೆ. ಮೇಲೆ ಒಂದರೊಳಗೊಂದು ಚೌಕಗಳ ಬೆಳಕಿಂಡಿ. ಬೆಳಿಗ್ಗೆ ಶೀರ್ ಚಾಯ್ ಕೊಡುತ್ತಾರೆ: ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ, ಜೊತೆಗೆ ಮುರಿದು ಅದ್ದಿಕೊಳ್ಳಲು ನಾನ್. ಮೊದಲ ಗುಟುಕು ವಿಚಿತ್ರ ಅನಿಸಬಹುದು. ಬೆವರಿ ಬಂದ ಮೈಗೆ ಅದಕ್ಕಿಂತ ಒಳ್ಳೆಯದು ಇಲ್ಲ.

ಹೊಳೆ ನೀರನ್ನು ಸೋಸದೆ ಕುಡಿಯಬೇಡಿ. ಪಂಜ್ ನದಿಯ ನೀರಲ್ಲಿ ಹೂಳು ಜಾಸ್ತಿ. ರಾತ್ರಿ ಪಾತ್ರೆಯಲ್ಲಿ ಇಟ್ಟು, ತಿಳಿಯಾದ ಮೇಲೆ ಫಿಲ್ಟರ್‌ಗೆ ಹಾಕಿ. ಒಳಗೆ ಸಣ್ಣ ಕೊಳವೆಯಂಥ ಎಳೆಗಳಿರುವ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗೇ ಸೀಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎತ್ತರದಲ್ಲಿ ಅದನ್ನೂ ಪವರ್ ಬ್ಯಾಂಕನ್ನೂ ಸ್ಲೀಪಿಂಗ್ ಬ್ಯಾಗ್ ಒಳಗೇ ಇಟ್ಟುಕೊಂಡು ಮಲಗಿ. ಕರಾಕುಲ್ ಸರೋವರದ ನೀರು ಉಪ್ಪು, ಅದನ್ನು ನಂಬಿ ಹೋಗಬೇಡಿ.

ಸೇತುವೆ ಇಲ್ಲದ ಹಳ್ಳ ಅಡ್ಡ ಬಂದರೆ ಬೆಳಿಗ್ಗೆಯೇ ದಾಟಿ. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ. ಗಾಳಿ ಬಲವಾಗುವುದೂ ಆಗಲೇ. ಆರಕ್ಕೆ ಹೊರಟು ಎರಡಕ್ಕೆ ನಿಲ್ಲುವುದು ಈ ದಾರಿಗೆ ಸರಿಯಾದ ವೇಳಾಪಟ್ಟಿ.

ಪಂಜ್ ನದಿಯ ಆಚೆ ದಡ ಅಫ್ಘಾನಿಸ್ತಾನ. ಗಡಿಯ ಕೆಲವು ಕಡೆ ಹಳೆಯ ನೆಲಬಾಂಬ್‌ಗಳಿವೆ. ಅಲ್ಲಿ ರಸ್ತೆ ಬಿಟ್ಟು ನದಿ ಕಡೆ ಇಳಿಯಬೇಡಿ, ದಡದಲ್ಲಿ ಟೆಂಟ್ ಹಾಕಬೇಡಿ. ಹಳ್ಳಿಯಲ್ಲಿ ಕೇಳಿದರೆ ಯಾರದ್ದಾದರೂ ಅಂಗಳದಲ್ಲಿ ಜಾಗ ಸಿಗುತ್ತದೆ.

ಕುರಿ ಕಾಯುವ ನಾಯಿ ಅಟ್ಟಿಸಿಕೊಂಡು ಬಂದರೆ ವೇಗ ಹೆಚ್ಚಿಸಬೇಡಿ. ಇಳಿಯಿರಿ, ಸೈಕಲ್ಲನ್ನು ನಡುವೆ ಹಿಡಿಯಿರಿ, ಕಲ್ಲು ಎತ್ತುವ ಹಾಗೆ ಬಗ್ಗಿರಿ. ಬಹುಪಾಲು ಅಷ್ಟಕ್ಕೇ ಹಿಂದೆ ಸರಿಯುತ್ತವೆ.

ಇಳಿಯುವಾಗ

ಕಿಜಿಲ್‌ಆರ್ಟ್‌ನಲ್ಲಿ ಎರಡು ದೇಶಗಳ ಚೆಕ್‌ಪೋಸ್ಟ್‌ಗಳ ನಡುವೆ ಸುಮಾರು 20 ಕಿ.ಮೀ. ಅಂತರ ಇದೆ. ಅಲ್ಲಿ ಅಂಗಡಿ ಇಲ್ಲ, ಆ ದಿನದ ಊಟ, ನೀರು ಜೊತೆಗಿರಲಿ. ಸಾರಿತಾಶ್‌ನಲ್ಲಿ ಕೈಗೆ ಬರುವ ಹಣ ಕಿರ್ಗಿಸ್ತಾನದ ಸೊಮ್. ತಲ್ದಿಕ್‌ನ ತಿರುವುಗಳನ್ನು ಇಳಿಯುವ ಮೊದಲು ಬ್ರೇಕ್ ಪ್ಯಾಡ್ ನೋಡಿ, ಸವೆದಿದ್ದರೆ ಮೇಲೆಯೇ ಬದಲಿಸಿ.

ಓಶ್‌ನಲ್ಲಿ ಸೈಕಲ್ ಅಂಗಡಿಗಳಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ನೋಡಿ. ಪೆಟ್ರೋಲ್ ಸ್ಟೌವ್ ಇಟ್ಟುಕೊಂಡಿದ್ದರೆ ಟ್ಯಾಂಕನ್ನು ಸೋಪು ಹಾಕಿ ತೊಳೆದು, ಮುಚ್ಚಳ ತೆಗೆದು ಒಂದೆರಡು ದಿನ ಬಿಸಿಲಿಗೆ ಇಡಿ. ವಾಸನೆ ಉಳಿದಿದ್ದರೆ ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ.