ಜನಗಣತಿಯ ಮೈಕ್ರೊಡೇಟಾ ಪಡೆಯುವುದು ಹೇಗೆ?

ಜನಗಣತಿ ವರದಿಯಲ್ಲಿ ಸಿಗುವುದು ಬೇರೆಯವರು ಲೆಕ್ಕ ಹಾಕಿಟ್ಟ ಕೋಷ್ಟಕ. ಎಷ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ ಅಂತ ಅದು ಹೇಳುತ್ತದೆ. ಎಷ್ಟು ಹೆಂಗಸರು ಓದಿದ್ದಾರೆ ಅಂತಲೂ ಹೇಳುತ್ತದೆ. ಆದರೆ ಓದಿದ ತಾಯಿಯ ಮಕ್ಕಳೇ ಜಾಸ್ತಿ ಶಾಲೆಗೆ ಹೋಗುತ್ತಾರಾ? ಇದಕ್ಕೆ ತಾಯಿ ಮತ್ತು ಮಗುವನ್ನು ಒಂದೇ ಮನೆಯೊಳಗೆ ಜೋಡಿಸಿ ನೋಡಬೇಕು, ಅಲ್ವಾ? ಅಲ್ಲಿ ಬೇಕಾಗುವುದು ಮೈಕ್ರೊಡೇಟಾ. ಅಂದರೆ ಒಬ್ಬೊಬ್ಬರಿಗೂ ಒಂದೊಂದು ಸಾಲು; ಹೆಸರು, ವಿಳಾಸ ತೆಗೆದುಹಾಕಿದ್ದು.

ಮೊದಲು ಪ್ರಶ್ನೆ

ಯಾವ ದೇಶ, ಯಾವ ವರ್ಷ, ಯಾವ ವಯಸ್ಸಿನವರು, ಏನನ್ನು ಯಾವುದರ ಜೊತೆ ಹೋಲಿಸಬೇಕು? ಇಷ್ಟನ್ನು ಬರೆದಿಟ್ಟುಕೊಳ್ಳಿ. ಪ್ರಕಟವಾದ ಕೋಷ್ಟಕದಲ್ಲೇ ಉತ್ತರ ಇದ್ದರೆ ಮೈಕ್ರೊಡೇಟಾದ ಗೋಜಿಗೆ ಹೋಗಬೇಡಿ. ಕೋಷ್ಟಕ ಸಾಮಾನ್ಯವಾಗಿ ಇಡೀ ಜನಸಂಖ್ಯೆಯ ಲೆಕ್ಕ. ಮೈಕ್ರೊಡೇಟಾ ಹೆಚ್ಚಾಗಿ ಅದರ ಒಂದು ಸ್ಯಾಂಪಲ್ ಅಷ್ಟೇ.

ಎಲ್ಲಿ ಸಿಗುತ್ತದೆ?

ಶುರು ಮಾಡಲು ಒಳ್ಳೆಯ ಜಾಗ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯ ನಡೆಸುವ ‘ಐಪಮ್ಸ್ ಇಂಟರ್‌ನ್ಯಾಷನಲ್’. ನೂರಕ್ಕೂ ಹೆಚ್ಚು ದೇಶಗಳ ಡೇಟಾ ಅಲ್ಲಿದೆ. ದುಡ್ಡು ಕೊಡಬೇಕಿಲ್ಲ. ವಿದ್ಯಾಭ್ಯಾಸಕ್ಕೆ ಒಂದು ದೇಶದ ಕೋಡ್ (ಉತ್ತರದ ಬದಲು ಬರೆಯುವ ಸಂಖ್ಯೆ) ಒಂದು ಥರ, ಇನ್ನೊಂದರದ್ದು ಇನ್ನೊಂದು ಥರ. ಅವನ್ನೆಲ್ಲ ಒಂದೇ ಅಳತೆಗೆ ತಂದಿಟ್ಟಿದ್ದಾರಲ್ಲ, ಸಂಶೋಧಕರಿಗೆ ಅದು ದೊಡ್ಡ ಉಪಕಾರ. ಒಂದು ವಿಷಯ ಗಮನದಲ್ಲಿರಲಿ: ಅಲ್ಲಿ ಭಾರತದ ಹೆಸರಿನಲ್ಲಿ ಇರುವುದು ಜನಗಣತಿಯಲ್ಲ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ಸುತ್ತುಗಳು.

ಕೆಲವು ದೇಶಗಳು ತಾವೇ ಕೊಡುತ್ತವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿ ಮೂರು ಮಟ್ಟದಲ್ಲಿ ಸಿಗುತ್ತದೆ. ಶೇ 1ರ ಸ್ಯಾಂಪಲ್ ಇರುವ ಫೈಲ್ ಕಲಿಯುವವರಿಗಾಗಿ; ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಶೇ 5ರ ಫೈಲ್‌ಗೆ ನೋಂದಣಿ ಮಾಡಿಸಿ ಷರತ್ತು ಒಪ್ಪಬೇಕು. ಶೇ 10ರದ್ದು ನಿಮ್ಮ ಕಂಪ್ಯೂಟರಿಗೆ ಬರುವುದೇ ಇಲ್ಲ. ತರಬೇತಿ ಮುಗಿಸಿ, ಮಾನ್ಯತೆ ಪಡೆದು, ಸುರಕ್ಷಿತ ವ್ಯವಸ್ಥೆಯ ಒಳಗೇ ಕೆಲಸ ಮಾಡಬೇಕು. ಚಿಕ್ಕ ಫೈಲ್‌ನಲ್ಲೇ ಲೆಕ್ಕ ಮಾಡಿ ನೋಡಿ. ಅದು ಸಾಲದಿದ್ದರೆ ಮಾತ್ರ ಮೇಲಿನದಕ್ಕೆ ಅರ್ಜಿ ಹಾಕಿ.

ಅರ್ಜಿ

ಐಪಮ್ಸ್‌ನಲ್ಲಿ ನಿಮ್ಮ ಸಂಸ್ಥೆ ಯಾವುದು, ಏನು ಸಂಶೋಧನೆ ಅಂತ ಕೇಳುತ್ತಾರೆ. ‘ಸಾಮಾಜಿಕ ಅಧ್ಯಯನಕ್ಕಾಗಿ’ ಎಂದು ಸುಮ್ನೆ ಒಂದು ಸಾಲು ಗೀಚಬೇಡಿ. ಮೊದಲೇ ಬರೆದಿಟ್ಟ ಪ್ರಶ್ನೆಯನ್ನು ಅಲ್ಲಿ ಬಿಡಿಸಿ ಹೇಳಿ. ಯಾರನ್ನೂ ಗುರುತಿಸಲು ಯತ್ನಿಸುವುದಿಲ್ಲ, ಫೈಲ್ ಬೇರೆಯವರಿಗೆ ಕೊಡುವುದಿಲ್ಲ, ವ್ಯಾಪಾರಕ್ಕೆ ಬಳಸುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಗೆಳೆಯರಿಗೆ ಡೇಟಾ ಬೇಕಿದ್ದರೆ ಅವರೇ ಅರ್ಜಿ ಹಾಕಲಿ.

ಫೈಲ್ ತಯಾರಿಸುವುದು

ಅನುಮತಿ ಸಿಕ್ಕಿತು ಅನ್ನಿ. ದೇಶ, ವರ್ಷ ಆರಿಸಿ. ಬೇಕಾದ ವೇರಿಯಬಲ್‌ಗಳನ್ನು, ಅಂದರೆ ವಯಸ್ಸು, ವಿದ್ಯಾಭ್ಯಾಸದಂಥ ಒಂದೊಂದು ಮಾಹಿತಿಯ ಕಾಲಂಗಳನ್ನು, ಕಾರ್ಟ್‌ಗೆ ಹಾಕಿ ಸಲ್ಲಿಸಿ. ಫೈಲ್ ಸಿದ್ಧವಾದಾಗ ಇಮೇಲ್ ಬರುತ್ತದೆ.

ನಮ್ಮ ಪ್ರಶ್ನೆಗೆ ಬೇಕಾದ ಕೀಲಿ ‘ಮಾಮ್‌ಲಾಕ್’ ಎಂಬ ವೇರಿಯಬಲ್. ಮಗುವಿನ ಸಾಲಿನಲ್ಲಿ ಅದು 2 ಎಂದಿದ್ದರೆ, ಆ ಮನೆಯ ಎರಡನೇ ಸಾಲಿನವರೇ ತಾಯಿ. ತಾಯಿಯ ವಿದ್ಯಾಭ್ಯಾಸವನ್ನು ಮಗುವಿನ ಸಾಲಿಗೆ ತಂದು ಸೇರಿಸುವ ಸೌಲಭ್ಯವೂ ಅಲ್ಲೇ ಇದೆ. 0 ಎಂದಿದ್ದರೆ ಆ ಮನೆಯಲ್ಲಿ ತಾಯಿ ಸಿಕ್ಕಿಲ್ಲ ಎಂದರ್ಥ. ತೀರಿಕೊಂಡಿರಬಹುದು, ದುಡಿಯಲು ದೂರ ಹೋಗಿರಬಹುದು. ಲೆಕ್ಕದಿಂದ ಮೊದಲು ಜಾರಿಹೋಗುವವರು ಈ ಮಕ್ಕಳೇ. ಅವರೆಷ್ಟು ಜನ, ಯಾವ ಪ್ರದೇಶದವರು ಎಂದು ಬೇರೆಯಾಗಿ ಎಣಿಸಿ, ಪ್ರಬಂಧದಲ್ಲಿ ಹೇಳಿ. ನಿಮ್ಮ ಉತ್ತರ ತಾಯಿಯ ಜೊತೆ ಇರುವ ಮಕ್ಕಳಿಗೆ ಮಾತ್ರ ಸಲ್ಲುತ್ತದೆ.

ಎಣಿಸುವ ಮುಂಚೆ

ಯಾವ ಪ್ರಶ್ನೆಯನ್ನು ಯಾರಿಗೆ ಕೇಳಿದ್ದಾರೆ ಅಂತ ಪ್ರತಿ ವೇರಿಯಬಲ್‌ನ ವಿವರಣೆಯಲ್ಲಿ ಇರುತ್ತದೆ. ಬೇಸರವಾದರೂ ಓದಿ. ‘ಶಾಲೆಗೆ ಹೋಗುತ್ತೀರಾ’ ಎಂದು 5 ವರ್ಷ ದಾಟಿದವರನ್ನಷ್ಟೇ ಕೇಳಿದ್ದರೆ, ಅದಕ್ಕಿಂತ ಚಿಕ್ಕವರಿಗೆ ‘ಅನ್ವಯಿಸುವುದಿಲ್ಲ’ ಎಂಬ ಕೋಡ್ ಬಿದ್ದಿರುತ್ತದೆ. ಅದನ್ನು ‘ಇಲ್ಲ’ ಎಂದು ಎಣಿಸಿದಿರೋ, ಹಾಲು ಕುಡಿಯುವ ಕೂಸುಗಳೂ ಶಾಲೆ ಬಿಟ್ಟವರ ಪಟ್ಟಿ ಸೇರುತ್ತವೆ.

ಇನ್ನು ತೂಕ, ಅಂದರೆ ವೇಯ್ಟ್. ಶೇ 10ರ ಸ್ಯಾಂಪಲ್‌ನಲ್ಲಿ ಒಂದು ಸಾಲು ಸುಮಾರು 10 ಜನರ ಪರವಾಗಿ ನಿಂತಿರುತ್ತದೆ. ಎಲ್ಲ ಸಾಲಿಗೂ ಅದೇ ತೂಕ ಇರಬೇಕೆಂದಿಲ್ಲ. ಸಾದಾ ಪಠ್ಯದ ಫೈಲ್‌ನಲ್ಲಿ 10 ಎಂಬ ತೂಕ 1000 ಎಂದು ಕಾಣುತ್ತದೆ, ಕೊನೆಯ ಎರಡು ಅಂಕಿಗಳು ದಶಾಂಶದವು. ಗಮನಿಸದಿದ್ದರೆ ಜನಸಂಖ್ಯೆ ನೂರು ಪಟ್ಟು ಆಗುತ್ತದೆ. ಹಾಗಾಗಿ ತೂಕವನ್ನೆಲ್ಲ ಕೂಡಿಸಿ, ಆ ವರ್ಷದ ಪ್ರಕಟಿತ ಜನಸಂಖ್ಯೆಯ ಪಕ್ಕ ಇಟ್ಟು ನೋಡಿ. ಹತ್ತಿರ ಬರದಿದ್ದರೆ ಮುಂದಕ್ಕೆ ಹೋಗಬೇಡಿ.

ಪ್ರಕಟಿಸುವಾಗ

ಹೆಸರು ತೆಗೆದರೆ ಗುರುತು ಪೂರ್ತಿ ಹೋಗುವುದಿಲ್ಲ. ಅಪರೂಪದ ಕಸುಬು, ತುಂಬಾ ವಯಸ್ಸು, ಚಿಕ್ಕ ಊರು, ಈ ಮೂರೂ ಸೇರಿದರೆ ಗೊತ್ತಿದ್ದವರು ಹಿಡಿದುಬಿಡುತ್ತಾರೆ. ಅದಕ್ಕೇ ಐಪಮ್ಸ್‌ನಲ್ಲಿ ಸಾಮಾನ್ಯವಾಗಿ 20,000ಕ್ಕಿಂತ ಕಡಿಮೆ ಜನರಿರುವ ಪ್ರದೇಶದ ಹೆಸರು ಕಾಣುವುದಿಲ್ಲ. ನೀವೂ ಅಷ್ಟೇ, ಒಬ್ಬಿಬ್ಬರು ಮಾತ್ರ ಇರುವ ಖಾನೆಯನ್ನು ಪಕ್ಕದ ಗುಂಪಿಗೆ ಸೇರಿಸಿ ಅಚ್ಚಿಗೆ ಕೊಡಿ. ಐಪಮ್ಸ್ ಜೊತೆಗೆ, ಗಣತಿ ನಡೆಸಿದ ದೇಶದ ಅಂಕಿಅಂಶ ಕಚೇರಿಯ ಹೆಸರನ್ನೂ ಕೃತಜ್ಞತೆಯಲ್ಲಿ ನಮೂದಿಸಿ. ಯಾವ ಆವೃತ್ತಿಯ ಡೇಟಾ ಬಳಸಿದಿರಿ ಎನ್ನುವುದೂ ಅಲ್ಲೇ ಇರಲಿ.