ಇಟಗಿಯ ಬಳಪದ ಕಲ್ಲಿಗೆ ಇನ್ನೂರರ ಲೆಕ್ಕ

ನಾನೂರರ ವೇಗದ (ಐಎಸ್‌ಒ 400) ಕಪ್ಪು-ಬಿಳುಪು ಫಿಲ್ಮನ್ನು ಇನ್ನೂರರದು ಅಂತ ಲೆಕ್ಕ ಹಾಕಿ, ಅಂದರೆ ಬೆಳಕು ಎರಡರಷ್ಟು ಕೊಟ್ಟು ಹೊಡೆದರೆ ಕೊಪ್ಪಳದ ಬಿಸಿಲಿಗೆ ಆಕಾಶವೆಲ್ಲ ಸುಣ್ಣ ಬಳಿದಂತಾಗುತ್ತದೆ ಅಂತ ಗೆಳೆಯರದು ಒಂದೇ ವಾದ. ಇಟಗಿ ಮಹಾದೇವ ದೇವಾಲಯದ ನೆಗೆಟಿವ್‌ಗಳನ್ನು ಈಗ ಅವರೇ ಬೆಳಕಿಗೆ ಹಿಡಿದು ನೋಡಲಿ. ಕಂಬದ ಸಂದಿನ ಕೆತ್ತನೆಯೂ ಇದೆ, ಶಿಖರದ ಹಿಂದಿನ ಮೋಡವೂ ಇದೆ.

ಫಿಲ್ಮ್ ಇಲ್ಫರ್ಡ್ ಎಚ್‌ಪಿ5 ಪ್ಲಸ್, ಬೆಳಕು ಅಳೆಯುವ ಮೀಟರ್ 200ಕ್ಕೆ. ಹತ್ತಿರ ಹೋಗಿ ನೆರಳಿನ ಕಲ್ಲನ್ನು ಮಾತ್ರ ಅಳೆಯುತ್ತೇನೆ. ಲೆನ್ಸಿನ ಕಿಂಡಿ ಎಫ್8ಕ್ಕೆ ಮೀಟರ್ 1/30 ಸೆಕೆಂಡ್ ತೋರಿಸಿದರೆ ಹಾಕುವುದು 1/125, ಅಂದರೆ ಎರಡು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಮೀಟರ್ ಹೇಳಿದಷ್ಟೇ ಕೊಟ್ಟರೆ 1112ರಲ್ಲಿ ಕಟ್ಟಿದ ಗುಡಿಯ ಆ ಕಪ್ಪು ಕಲ್ಲು ಸಪ್ಪೆ ಬೂದು ಬಣ್ಣಕ್ಕೆ ಬರುತ್ತದೆ. ಆಕಾಶ ಸೇರಿಸಿ ಅಳೆದರೋ, ನೆರಳಿನ ಜಾಗ ನೆಗೆಟಿವ್‌ನಲ್ಲಿ ಖಾಲಿ. ಆಮೇಲೆ ಡೆವಲಪರ್‌ನಲ್ಲಿ (ಚಿತ್ರ ಮೂಡಿಸುವ ದ್ರಾವಣ) ಎಷ್ಟು ಹೊತ್ತು ಇಟ್ಟರೂ ಅಲ್ಲಿ ಏನೂ ಹುಟ್ಟುವುದಿಲ್ಲ. ಆನೆಗೊಂದಿಯ ಬಂಡೆಗಳಿಗೆ ನಡುಮಧ್ಯಾಹ್ನ ಮೀಟರೇ ಬೇಡ: ಎಫ್11, 1/250.

ಗರ್ಭಗುಡಿಯ ಕಡೆ ಟ್ರೈಪಾಡ್ ಬೇಕೇ ಬೇಕು. ಹೊತ್ತು ಉದ್ದವಾದಷ್ಟೂ ಫಿಲ್ಮಿನ ಚುರುಕು ಇಳಿಯುವುದರಿಂದ, ಮೀಟರ್ 10 ಸೆಕೆಂಡ್ ಅಂದರೆ ಈ ಫಿಲ್ಮಿಗೆ 20 ಕೊಡಿ, 4 ಅಂದರೆ 6.

ಆಕಾಶ ಉಳಿಯುವುದು ಕ್ಯಾಮೆರಾದಲ್ಲಲ್ಲ, ಡೆವಲಪ್ ಮಾಡುವಾಗ, ಮಾಮೂಲಿಗಿಂತ ಕಡಿಮೆ ಹೊತ್ತು ಇಡುವುದರಿಂದ. ಡಿ-76 ಡೆವಲಪರ್, ಒಂದಕ್ಕೊಂದು ನೀರು, 24 ಡಿಗ್ರಿ, ಆರೂವರೆ ನಿಮಿಷದ ಆಸುಪಾಸು. ಮೊದಲ ಅರ್ಧ ನಿಮಿಷ ಬಿಡದೆ, ಆಮೇಲೆ ನಿಮಿಷಕ್ಕೆ ನಾಲ್ಕು ಸಲ ಫಿಲ್ಮ್ ಇರುವ ಡಬ್ಬಿಯನ್ನು ಮೆಲ್ಲಗೆ ಮಗುಚಬೇಕು. ಜೋರಾಗಿ ಅಲ್ಲಾಡಿಸಿದರೆ ಕಾಂಟ್ರಾಸ್ಟ್ (ಕಪ್ಪು-ಬಿಳುಪಿನ ಅಂತರ) ಏರಿ ಗೆಳೆಯರ ಮಾತೇ ನಿಜವಾಗುತ್ತದೆ. ಐದು ನಿಮಿಷಕ್ಕಿಂತ ಕೆಳಗಿಳಿಸಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ.

ಬಳ್ಳಾರಿ, ರಾಯಚೂರಿನವರ ರೋಲು ಕೆಡುವುದು ಬಹುತೇಕ ನೀರಿನಿಂದ. ಏಪ್ರಿಲ್‌ನಲ್ಲಿ ಮಾಳಿಗೆ ಟ್ಯಾಂಕಿನ ನೀರು ಕೈಗೇ ಸುಡುತ್ತದೆ. 24 ಡಿಗ್ರಿಯ ಫಿಕ್ಸರ್‌ನಿಂದ (ಮೂಡಿದ ಚಿತ್ರವನ್ನು ನಿಲ್ಲಿಸುವ ದ್ರಾವಣ) ತೆಗೆದು ಅದಕ್ಕೆ ಹಾಕಿದರೆ ಫಿಲ್ಮಿನ ಪದರ ಉಬ್ಬಿ, ಕೆಲವೊಮ್ಮೆ ಬಲೆಬಲೆಯಾಗಿ ಸುಕ್ಕುಗಟ್ಟುತ್ತದೆ. ಡೆವಲಪರ್, ಫಿಕ್ಸರ್, ತೊಳೆಯುವ ನೀರು ಮೂರನ್ನೂ ಒಂದೇ ಟಬ್ಬಿನಲ್ಲಿಟ್ಟು ಸುತ್ತ ಐಸ್ ಹಾಕಿ. ಐಸನ್ನು ಬಾಟಲಿಯೊಳಗೆ ಹಾಕಬೇಡಿ, ಅಳತೆ ತಪ್ಪುತ್ತದೆ. ಬೋರ್ ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಉಪ್ಪಿನ ಕಲೆ ಖಾತ್ರಿ, ಅದಕ್ಕೆ ಫಿಲ್ಟರ್ ನೀರು.

ರೋಲು ಸಾವಿರದ ಆಚೀಚೆ. ಡೆವಲಪ್ ಮಾಡಿಸಲು ಬೆಂಗಳೂರಿಗೆ ಕಳಿಸಿದರೆ ಕೊರಿಯರ್ ಸೇರಿ ಇನ್ನೂ ನಾನೂರು ಐನೂರು, ಅಲ್ಲಿ ನಮ್ಮ ಸಮಯಕ್ಕೇ ಹಾಕುತ್ತಾರೆ ಅನ್ನುವ ಖಾತ್ರಿ ಇಲ್ಲ. ಮನೆಯಲ್ಲಿ ಕೆಮಿಕಲ್ ಖರ್ಚು ರೋಲಿಗೆ ನೂರೂ ದಾಟದು.

ಲೆನ್ಸಿಗೆ ಹಳದಿ ಫಿಲ್ಟರ್ ಹಾಕಿ ಒಂದು ಸ್ಟಾಪ್ ಹೆಚ್ಚು ಕೊಟ್ಟೂ ನೋಡಿದ್ದಾಯಿತು. ಮೋಡ ಚೆನ್ನಾಗಿ ಎದ್ದು ಕಾಣುತ್ತದೆ, ಆದರೆ ನೆರಳಿಗೆ ಬೀಳುವ ಬೆಳಕು ನೀಲಿ ಆಕಾಶದ್ದೇ, ಅದನ್ನೂ ಫಿಲ್ಟರ್ ತಡೆಯುತ್ತದೆ. ಅದಕ್ಕೇ ಇನ್ನರ್ಧ ಸ್ಟಾಪ್ ಸೇರಿಸುತ್ತೇನೆ. ಸ್ಲೈಡ್ ಫಿಲ್ಮಿಗೆ ಮಾತ್ರ ನೆರಳು ಅಳೆಯುವ ಈ ಲೆಕ್ಕ ಹಾಕಬೇಡಿ, ಅದರಲ್ಲಿ ಬಿಸಿಲಿನ ಜಾಗವನ್ನೇ ಅಳೆಯಬೇಕು.