ಫತೋರ್ಡಾದ ಸೀಸನ್: ಗೋವೆಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಗೋವೆಗೆ ಹೊಸದಾಗಿ ಬಂದ ನಮ್ಮವರು, ವಾಸ್ಕೊದಲ್ಲಿರಲಿ ಮಡಗಾಂವಿನಲ್ಲಿರಲಿ, ಮೊದಲು ಕೇಳುವುದು ಬಾಡಿಗೆ ಮನೆ, ಮಕ್ಕಳ ಶಾಲೆ ಮತ್ತು ಊರಿಗೆ ಹೋಗುವ ರೈಲಿನ ಬಗ್ಗೆ. ಅದಕ್ಕೆಲ್ಲ ಉತ್ತರ ಹೇಳುವವರು ಸಾಕಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಇಂಡಿಯನ್ ಸೂಪರ್ ಲೀಗ್ ಫುಟ್ಬಾಲಿನ ಸೀಸನ್ ಬಗ್ಗೆ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಇಲ್ಲಿನ ಕಚೇರಿಗಳಲ್ಲಿ, ಅಂಗಡಿಗಳಲ್ಲಿ, ಮನೆ ಮಾಲೀಕರ ಅಂಗಳದಲ್ಲಿ ಶುರುವಾಗುವ ಮಾತು ಬೇಸಿಗೆಯವರೆಗೂ ನಿಲ್ಲುವುದಿಲ್ಲ. ಒಂದೆರಡು ಪಂದ್ಯ ನೋಡಿ ಬಿಟ್ಟವರಿಗೆ ಆ ಮಾತಿನ ಒಳಗು ದಕ್ಕುವುದಿಲ್ಲ. ಆದ್ದರಿಂದ ಒಂದು ಸೀಸನ್ನನ್ನಾದರೂ ಮೊದಲ ಪಂದ್ಯದಿಂದ ಕೊನೆಯ ಪಂದ್ಯದವರೆಗೆ ಬಿಡದೆ ಅನುಸರಿಸಿ ಎಂಬುದೇ ನನ್ನ ಮುಖ್ಯ ಸಲಹೆ.

ಮೊದಲು ಹಿನ್ನೆಲೆಯನ್ನು ತಿಳಿದಿರಬೇಕು. 2014ರಲ್ಲಿ ಈ ಲೀಗ್ ಆರಂಭವಾದಾಗಲೇ ಎಫ್‌ಸಿ ಗೋವಾ ಹುಟ್ಟಿತು, ಬ್ರೆಜಿಲಿನ ಜೀಕೊ ಅದರ ಮೊದಲ ಕೋಚ್ ಆದರು; ಆದರೆ ಗೋವೆಯ ಫುಟ್ಬಾಲ್ ಅಂದು ಶುರುವಾದದ್ದಲ್ಲ. ಅದಕ್ಕೂ ಮುಂಚಿನ ರಾಷ್ಟ್ರೀಯ ಲೀಗ್‌ಗಳಲ್ಲಿ, 2006–07ರಿಂದ 2012–13ರವರೆಗೆ ಸತತ ಏಳು ಸೀಸನ್‌ಗಳ ಪ್ರಶಸ್ತಿಯನ್ನು ಡೆಂಪೊ, ಚರ್ಚಿಲ್ ಬ್ರದರ್ಸ್ ಮತ್ತು ಸಲಗಾಂವ್ಕರ್ ಎಂಬ ಇಲ್ಲಿನ ಮೂರು ಕ್ಲಬ್‌ಗಳೇ ತಮ್ಮತಮ್ಮಲ್ಲಿ ಹಂಚಿಕೊಂಡಿದ್ದವು. ಇಷ್ಟು ಚಿಕ್ಕ ರಾಜ್ಯ ಇಡೀ ದೇಶವನ್ನು ಏಳು ವರ್ಷ ಹಿಂದೆ ಹಾಕಿದ್ದನ್ನು ಇಲ್ಲಿನ ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಆ ಸಾಲನ್ನು 2013–14ರಲ್ಲಿ ಮುರಿದದ್ದು, ಹುಟ್ಟಿದ ವರ್ಷವೇ ಅಂದಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗನ್ನು ಗೆದ್ದ ಬೆಂಗಳೂರು ಎಫ್‌ಸಿ. ನಾವು ಕರ್ನಾಟಕದವರೆಂದು ತಿಳಿದ ಕೂಡಲೇ ಇಲ್ಲಿನವರು ಬೆಂಗಳೂರು ತಂಡದ ಮಾತು ತೆಗೆಯುವುದಕ್ಕೆ ಇದೂ ಒಂದು ಕಾರಣ. 2016ರಲ್ಲಿ ಫುಟ್ಬಾಲ್ ಫೆಡರೇಶನ್ನಿನ ಹೊಸ ಯೋಜನೆಯನ್ನು ವಿರೋಧಿಸಿ ಸಲಗಾಂವ್ಕರ್, ಸ್ಪೋರ್ಟಿಂಗ್ ಮತ್ತು ಡೆಂಪೊ ಐ-ಲೀಗಿನಿಂದ ಹೊರಬಂದವು. ಹಳೆಯ ಕ್ಲಬ್‌ಗಳ ಮೇಲೆ ಹಂಚಿಹೋಗಿದ್ದ ಪ್ರೀತಿಯ ಬಹುಪಾಲು ಎಫ್‌ಸಿ ಗೋವಾ ಎಂಬ ಕಿತ್ತಳೆ ಬಣ್ಣದ ಒಂದೇ ತಂಡದ ಕಡೆ ಹರಿದದ್ದು ಆ ಕಾಲದಲ್ಲಿ, ಅದೂ ಸ್ವಲ್ಪ ನೋವಿನೊಂದಿಗೇ.

ಸೀಸನ್ನಿನ ರಚನೆಯನ್ನು ಅರಿಯಲು 2024–25 ಒಳ್ಳೆಯ ಉದಾಹರಣೆ. ಆ ವರ್ಷ ಹದಿಮೂರು ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಹನ್ನೆರಡರ ಜತೆ ತನ್ನ ಊರಿನಲ್ಲಿ ಒಮ್ಮೆ, ಎದುರಾಳಿಯ ಊರಿನಲ್ಲಿ ಒಮ್ಮೆ, ಹೀಗೆ 24 ಪಂದ್ಯ ಆಡಿತು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಲೀಗ್ ಹಂತ ಮುಗಿದಾಗ ಅಂಕಪಟ್ಟಿಯ ಮೊದಲ ಸ್ಥಾನದಲ್ಲಿದ್ದವರಿಗೆ ಶೀಲ್ಡ್ ಸಿಕ್ಕಿತು. ಅನಂತರ ಮೊದಲ ಆರು ತಂಡಗಳು ನಾಕೌಟ್ ಆಡಿ ಕಪ್ಪಿಗಾಗಿ ಸೆಣಸಿದವು, ಅದರಲ್ಲಿ ಮೊದಲ ಎರಡು ತಂಡಗಳಿಗೆ ನೇರವಾಗಿ ಸೆಮಿಫೈನಲ್ ಪ್ರವೇಶ ಸಿಕ್ಕಿತ್ತು. ಐಪಿಎಲ್ ನೋಡಿ ಬೆಳೆದ ನಮಗೆ ಕಪ್ಪೇ ದೊಡ್ಡದೆಂದು ಕಾಣುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಶೀಲ್ಡಿನ ತೂಕ ಹೆಚ್ಚು, ಏಕೆಂದರೆ ಅದು ತಿಂಗಳುಗಟ್ಟಲೆ ಒಂದೇ ಮಟ್ಟವನ್ನು ಉಳಿಸಿಕೊಂಡವರಿಗೆ ಮಾತ್ರ ಸಿಗುವಂಥದ್ದು. ಶೀಲ್ಡನ್ನು ಮೊಟ್ಟಮೊದಲು ಕೊಟ್ಟ 2019–20ರಲ್ಲಿ ಅದನ್ನು ಗೆದ್ದದ್ದು ಎಫ್‌ಸಿ ಗೋವಾ. ಆ ಗೆಲುವಿನಿಂದಲೇ ಅದು 2021ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತದಲ್ಲಿ ಆಡಿದ ಮೊದಲ ಭಾರತೀಯ ಕ್ಲಬ್ ಆಯಿತು. ಅದೇ 2019–20ರ ಸೆಮಿಫೈನಲಿನಲ್ಲಿ ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 5–6ರಿಂದ ಚೆನ್ನೈಯಿನ್ ತಂಡಕ್ಕೆ ಸೋತು ಕಪ್ಪಿನಿಂದ ಹೊರಬಿದ್ದಿತು. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ಇಲ್ಲಿನವರ ಹೆಮ್ಮೆಯೂ ಕೊರಗೂ ನಿಮಗೆ ತಿಳಿಯುತ್ತವೆ.

ಈಗ ನಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. 2024ರ ನವೆಂಬರಿನಲ್ಲಿ ಮಡಗಾಂವಿನ ಫತೋರ್ಡಾದಲ್ಲಿರುವ ತನ್ನ ಮೈದಾನದಲ್ಲಿ ಗೋವಾ ತಂಡ ಬೆಂಗಳೂರನ್ನು 3–0ಯಿಂದ ಸೋಲಿಸಿತು. ಡಿಸೆಂಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಆಟ 2–2ಕ್ಕೆ ನಿಂತಿತು. ಲೀಗ್ ಮುಗಿದಾಗ 56 ಅಂಕಗಳೊಂದಿಗೆ ಮೋಹನ್ ಬಾಗಾನ್ ಶೀಲ್ಡ್ ಗೆದ್ದಿತ್ತು, 48 ಅಂಕಗಳ ಗೋವಾ ಎರಡನೆಯದಾಗಿತ್ತು, ಬೆಂಗಳೂರು 38 ಅಂಕಗಳೊಂದಿಗೆ ಮೂರನೆಯದು. ಎರಡನೆಯ ಮತ್ತು ಮೂರನೆಯ ಸ್ಥಾನದ ನಡುವೆ ಹತ್ತು ಅಂಕಗಳ ಅಂತರವಿದ್ದರೂ ಸೆಮಿಫೈನಲಿನಲ್ಲಿ ಅವೇ ಎರಡು ಎದುರುಬದುರಾದವು. ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯವನ್ನು ಬೆಂಗಳೂರು 2–0ಯಿಂದ ಗೆದ್ದಿತು. 2025ರ ಏಪ್ರಿಲ್ 6ರಂದು ಫತೋರ್ಡಾದಲ್ಲಿ ಗೋವಾದ ಪರ ಬೋರ್ಹಾ ಹೆರೇರಾ ಒಂದು ಗೋಲು ಹೊಡೆದರು, 88ನೇ ನಿಮಿಷದಲ್ಲಿ ಸಾದಿಕು ಇನ್ನೊಂದು ಹೊಡೆದರು. ಒಟ್ಟು ಲೆಕ್ಕ ಸರಿಸಮವಾಗಿ ಇಡೀ ಕ್ರೀಡಾಂಗಣ ಎದ್ದು ನಿಂತಿದ್ದಾಗ, ಇಂಜುರಿ ಟೈಮಿನಲ್ಲಿ ಸುನಿಲ್ ಛೇತ್ರಿ ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು ಫೈನಲಿಗೆ ಒಯ್ದಿತು. ಅಂದಿನ ಪಂದ್ಯವನ್ನು 2–1ರಿಂದ ಗೆದ್ದೂ ಗೋವಾ ಹೊರಬಿತ್ತು. ಇದಕ್ಕೆ ಹಳೆಯ ನೆನಪೊಂದು ಸೇರಿಕೊಂಡಿದೆ: 2019ರ ಮಾರ್ಚಿನಲ್ಲಿ ಮುಂಬೈಯಲ್ಲಿ ನಡೆದ ಫೈನಲಿನಲ್ಲಿಯೂ 117ನೇ ನಿಮಿಷದಲ್ಲಿ ರಾಹುಲ್ ಭೇಕೆಯ ಹೆಡ್ಡರಿನಿಂದ ಗೋವಾ ಸೋತದ್ದು ಬೆಂಗಳೂರಿಗೇ. ಇಂಥ ಪಂದ್ಯದ ಮರುದಿನ ಕಚೇರಿಯಲ್ಲಿ ನೀವು ಬೆಂಗಳೂರಿನ ಪರ ಎಂದು ಮುಚ್ಚಿಡಬೇಕಾಗಿಲ್ಲ, ಆದರೆ ಸಂಭ್ರಮವನ್ನು ಮನೆಯಲ್ಲಿಟ್ಟು ಹೋಗುವುದು ಒಳ್ಳೆಯದು. ಛೇತ್ರಿ ಒಂದು ಕಾಲದಲ್ಲಿ ಡೆಂಪೊ ಪರ ಆಡಿದವರು ಎಂಬುದು ಇಲ್ಲಿನ ಹಿರಿಯರಿಗೆ ಗೊತ್ತು. ಮಾತು ಅಲ್ಲಿಂದ ಶುರುವಾದರೆ ಸಲೀಸಾಗಿ ಸಾಗುತ್ತದೆ.

ಮೈದಾನಕ್ಕೆ ಹೋಗುವ ವಿಚಾರದಲ್ಲಿ ಕೆಲವನ್ನು ಸ್ಪಷ್ಟವಾಗಿ ಹೇಳಬೇಕು. ಫತೋರ್ಡಾದ ಜವಾಹರಲಾಲ್ ನೆಹರೂ ಕ್ರೀಡಾಂಗಣ ಮಡಗಾಂವಿನ ಕದಂಬ ಬಸ್ ನಿಲ್ದಾಣದ ಕಡೆಗಿದೆ. ರೈಲ್ವೆ ನಿಲ್ದಾಣದಿಂದ ಬರುವವರಿಗೆ ಪೈಲಟ್, ಅಂದರೆ ಬಾಡಿಗೆಯ ಬೈಕು, ಅಥವಾ ರಿಕ್ಷಾ ಬೇಕಾಗುತ್ತದೆ. ಹೋಗುವುದು ಕಷ್ಟವಲ್ಲ, ಮರಳುವುದು ಕಷ್ಟ. ಸಂಜೆ ಏಳೂವರೆಗೆ ಶುರುವಾದ ಆಟ ಮುಗಿಯುವ ಹೊತ್ತಿಗೆ ವಾಸ್ಕೊ, ಪಣಜಿ ಕಡೆಯ ಬಸ್ಸುಗಳು ಬಹುತೇಕ ನಿಂತಿರುತ್ತವೆ, ಮತ್ತು ಬೆಂಗಳೂರಿನಲ್ಲಿ ರೂಢಿಯಾಗಿರುವ ಓಲಾ, ಉಬರ್ ಇಲ್ಲಿ ಸಿಗುವುದಿಲ್ಲ. ಜತೆಗೆ ಬರುವವರಲ್ಲಿ ಒಬ್ಬರ ಬಳಿಯಾದರೂ ಸ್ವಂತ ವಾಹನ ಇರುವಂತೆ ಮೊದಲೇ ಮಾತಾಡಿಕೊಳ್ಳಿ. ನಮ್ಮವರಲ್ಲಿ ನಾಲ್ಕೈದು ಮನೆಯವರು ಸೇರಿ ಒಂದು ಗಾಡಿ ಮಾಡಿಕೊಂಡು ಹೋಗುವುದುಂಟು. ಬೆಂಗಳೂರಿನ ನೀಲಿ ಜೆರ್ಸಿ ತೊಡುವವರು ಅತಿಥಿ ಬೆಂಬಲಿಗರಿಗೆ ಮೀಸಲಾದ ಸ್ಟ್ಯಾಂಡಿನ ಟಿಕೆಟನ್ನೇ ಕೊಳ್ಳಬೇಕು, ವಿಶೇಷವಾಗಿ ಮಕ್ಕಳು ಜತೆಯಲ್ಲಿದ್ದರೆ. ಉಳಿದ ತಂಡಗಳು ಬಂದಾಗ ಕಿತ್ತಳೆ ತೊಟ್ಟು ಸ್ಥಳೀಯರ ನಡುವೆ ಕೂತು ಗೋವೆಯ ಪರ ಕೂಗುವುದರಿಂದ ಬೆಂಗಳೂರಿನ ಮೇಲಿನ ನಿಮ್ಮ ಪ್ರೀತಿಗೆ ಏನೂ ಕುಂದಾಗದು. ನಾವು ಅನ್ನ ತಿನ್ನುತ್ತಿರುವ ನೆಲದ ತಂಡ ಅದು, ಮತ್ತು ಬ್ರೈಸನ್ ಫರ್ನಾಂಡಿಸ್ ಅವರಂಥ ಇಲ್ಲಿನ ಹುಡುಗರು ಅದರಲ್ಲಿ ಆಡುತ್ತಾರೆ.

ವೇಳಾಪಟ್ಟಿಯನ್ನು ಮಾತ್ರ ಪ್ರತಿ ವರ್ಷವೂ ಹೊಸದಾಗಿ ನೋಡಿಕೊಳ್ಳಬೇಕು. 2025–26ರ ಸೀಸನ್ ರೂಢಿಯಂತೆ ಸೆಪ್ಟೆಂಬರಿನಲ್ಲಿ ಶುರುವಾಗಲಿಲ್ಲ. ಫೆಡರೇಶನ್ನಿಗೂ ಲೀಗ್ ನಡೆಸುವ ಸಂಸ್ಥೆಗೂ ಇದ್ದ ಒಪ್ಪಂದ ಡಿಸೆಂಬರಿಗೆ ಮುಗಿಯಲಿದ್ದು, ಮುಂದಿನ ಏರ್ಪಾಡು ಆಗದ ಕಾರಣ ಅದನ್ನು ತಡೆಹಿಡಿಯಲಾಯಿತು. ಆಟಗಾರರ ಸಂಬಳ ಮತ್ತು ಕ್ಲಬ್ ಸಿಬ್ಬಂದಿಯ ಜೀವನ ಅನಿಶ್ಚಿತವಾದ ಆ ತಿಂಗಳುಗಳನ್ನು ಇಲ್ಲಿ ಯಾರೂ ಹಗುರವಾಗಿ ಕಾಣಲಿಲ್ಲ. ಆ ನಡುವೆ ಲೀಗಿಗಿಂತ ಬೇರೆಯದಾದ ಸೂಪರ್ ಕಪ್ ಪಂದ್ಯಾವಳಿ ಗೋವೆಯಲ್ಲೇ ನಡೆದು, ಡಿಸೆಂಬರಿನ ಫೈನಲಿನಲ್ಲಿ ಈಸ್ಟ್ ಬೆಂಗಾಲನ್ನು ಪೆನಾಲ್ಟಿಗಳಲ್ಲಿ ಮಣಿಸಿ ಎಫ್‌ಸಿ ಗೋವಾ ಪ್ರಶಸ್ತಿಯನ್ನು ಉಳಿಸಿಕೊಂಡಿತು.

ತಂಡ ಬೇರೆ ಊರಿನಲ್ಲಿ ಆಡುತ್ತಿರುವ ವಾರಗಳಲ್ಲಿ ಟಿವಿಗಷ್ಟೇ ಅಂಟಿಕೊಳ್ಳಬೇಡಿ. ರಾಜ್ಯದ ಗೋವಾ ಪ್ರೊ ಲೀಗಿನಲ್ಲಿ ಡೆಂಪೊ, ಸಲಗಾಂವ್ಕರ್ ಮುಂತಾದ ಹಳೆಯ ಹೆಸರುಗಳು ಇಂದಿಗೂ ಆಡುತ್ತವೆ, ಮಾಪುಸಾದ ದುಲೇರ್ ಮೈದಾನದಲ್ಲಿ ಅದರ ಪಂದ್ಯಗಳು ನಡೆಯುತ್ತವೆ. ವಾಸ್ಕೊದಲ್ಲಿರುವವರಿಗೆ ಪೇಟೆಯೊಳಗೇ ತಿಲಕ್ ಮೈದಾನವಿದೆ. ಕೊರೊನಾ ಕಾಲದಲ್ಲಿ ಇಡೀ ಸೂಪರ್ ಲೀಗನ್ನು ಗೋವೆಯ ಮೂರೇ ಮೈದಾನಗಳಲ್ಲಿ ನಡೆಸಿದಾಗ ಅದೂ ಒಂದಾಗಿತ್ತು. ಕೊಯ್ಲು ಮುಗಿದ ಮೇಲೆ ಮಡಗಾಂವಿನ ಸುತ್ತಲಿನ ಸಾಷ್ಟಿ ತಾಲೂಕಿನ ಹಳ್ಳಿಗಳಲ್ಲಿ ನಡೆಯುವ ಪಂದ್ಯಗಳಿಗೆ ಮಕ್ಕಳನ್ನು ಕರೆದೊಯ್ಯಿರಿ. ಆಟ ಕಲಿಯಬೇಕೆಂಬ ಮನಸ್ಸು ಮಗುವಿಗಿದ್ದರೆ ಅಲ್ಲಿ ಸಿಗುವ ಹಿರಿಯರನ್ನೇ ಕೇಳಿ. ಹತ್ತಿರದ ಯಾವ ಮೈದಾನದಲ್ಲಿ ಯಾರು ಕಲಿಸುತ್ತಾರೆ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.